ಸ್ಟೀರಿಂಗ್ ಹಿಡಿದು ಹಾಕಬೇಕಾದ ಮತ

ಪಿಟ್ ಲೇನಿನ ತುದಿಯಲ್ಲಿ ಹಸಿರು ದೀಪ. ಹೆಬ್ಬೆರಳಿನಿಂದ ಲಿಮಿಟರ್ ಬಟನ್ ಒತ್ತುತ್ತೀರಿ. ಇಷ್ಟು ಹೊತ್ತು ಗೊಣಗುತ್ತಿದ್ದ ಎಂಜಿನ್ ಒಮ್ಮೆಲೇ ಗಂಟಲು ತೆರೆಯುತ್ತದೆ. ನೀವು ಕೂತಿರುವುದು ಫೆರಾರಿ 499ಪಿ ಒಳಗೆ. ಎದುರಿಗಿರುವುದು ಫ್ರಾನ್ಸಿನ ಲೆ ಮಾನ್ ಸರ್ಕ್ಯೂಟ್. ನಡುರಾತ್ರಿ. ಹೆಡ್‌ಲೈಟ್ ಮುಟ್ಟುವಷ್ಟು ದೂರ ಮಾತ್ರ ರಸ್ತೆ ಇದೆ, ಅದರಾಚೆ ಬರೀ ಕತ್ತಲು.

ಮೊದಲ ತಿರುವಿನಲ್ಲೇ ಎಚ್ಚರ ಬೇಕು, ಟೈರು ತಣ್ಣಗಿದೆ. ವಿಶ್ವ ಎಂಡ್ಯೂರೆನ್ಸ್ ಚಾಂಪಿಯನ್‌ಶಿಪ್ಪಿನಲ್ಲಿ ಟೈರನ್ನು ಮೊದಲೇ ಕಾಯಿಸಿ ತರುವುದಕ್ಕೆ ಈಗ ಅವಕಾಶವಿಲ್ಲ. ಓಡಿಸಿಯೇ ಬಿಸಿ ಮಾಡಬೇಕು. ಡನ್‌ಲಪ್ ಚಿಕೇನ್ ಹತ್ತಿರ ಬಂದಾಗ ಬ್ರೇಕ್ ತುಳಿದು ಸ್ಟೀರಿಂಗ್ ತಿರುಗಿಸುತ್ತೀರಿ. ಅಂಗೈಗೆ ಒತ್ತಿಕೊಂಡಿದ್ದ ಭಾರ ಥಟ್ಟನೆ ಹಗುರಾಗುತ್ತದೆ. ಪರದೆಯ ಮೇಲೆ ಇನ್ನೂ ಏನೂ ಕಂಡಿಲ್ಲ, ಕಾರು ನೇರವಾಗಿಯೇ ಹೋಗುತ್ತಿರುವಂತಿದೆ. ಮುಂದಿನ ಟೈರುಗಳು ರಸ್ತೆಯನ್ನು ಬಿಡುತ್ತಿವೆ ಎಂಬ ಸುದ್ದಿ ಕೈಗೆ ಮಾತ್ರ ಮುಟ್ಟಿದೆ. ಬ್ರೇಕನ್ನು ಕೂದಲೆಳೆಯಷ್ಟು ಸಡಿಲಿಸಿದರೆ ಭಾರ ಮರಳುತ್ತದೆ, ಮೂಗು ತಿರುಗುತ್ತದೆ. ಡನ್‌ಲಪ್ ಸೇತುವೆ ತಲೆಯ ಮೇಲೆ ಹಾದುಹೋಗುತ್ತದೆ. ನೀವು ಇಳಿಜಾರಿಗೆ ಬಿದ್ದಿದ್ದೀರಿ.

ಟೆರ್ಟ್ರ್ ರೂಜ್ ತಿರುವು ಮುಗಿಯುವ ಹೊತ್ತಿಗೆ ಬಲಗಾಲು ನೆಲ ಮುಟ್ಟಿರಬೇಕು. ಮುಂದಿರುವುದು ಮುಲ್ಸಾನ್ ನೇರದಾರಿ, ವರ್ಷದ ಉಳಿದ ದಿನಗಳಲ್ಲಿ ಊರಿನವರ ಕಾರು, ಲಾರಿ ಓಡಾಡುವ ರಸ್ತೆ. ರಸ್ತೆಯ ಮಧ್ಯ ತುಸು ಉಬ್ಬಿ ಅಂಚು ಇಳಿದಿರುವುದು ಸ್ಟೀರಿಂಗಿನಲ್ಲೇ ಗೊತ್ತಾಗುತ್ತದೆ. ಪಕ್ಕಕ್ಕೆ ಸರಿದು ಮುಂದಿನ ಕಾರನ್ನು ಹಿಂದಿಕ್ಕುವಾಗ ಆ ಉಬ್ಬನ್ನು ದಾಟಬೇಕು, ದಾಟುವಾಗ ಕಾರು ಒಮ್ಮೆ ತಲೆಯಾಡಿಸುತ್ತದೆ. ವೇಗ ಗಂಟೆಗೆ 190 ಕಿಲೋಮೀಟರ್ ದಾಟಿದ ಮೇಲೆ ಮುಂದಿನ ಚಕ್ರಗಳ ಎಲೆಕ್ಟ್ರಿಕ್ ಮೋಟಾರೂ ಎಳೆತಕ್ಕೆ ಸೇರಿಕೊಳ್ಳುತ್ತದೆ. ಮುನ್ನೂರು ಬರುತ್ತದೆ, ದಾಟುತ್ತದೆ. ದೂರದಲ್ಲಿ ಎರಡು ಕೆಂಪು ಹಿಂದೀಪ. ನಿಮಗಿಂತ ಬಹಳ ನಿಧಾನವಾಗಿ ಹೋಗುತ್ತಿರುವ ಜಿಟಿ3 ಕಾರು ಅದು. ಅದರ ಚಾಲಕ ಎಲ್ಲೋ ಬೇರೆ ಖಂಡದಲ್ಲಿ ತನ್ನ ಮನೆಯಲ್ಲಿ ಕೂತಿದ್ದಾನೆ. ಹೆಡ್‌ಲೈಟ್ ಮಿನುಗಿಸುತ್ತೀರಿ. ಅವನು ತನ್ನ ದಾರಿ ಬದಲಿಸದೆ ನೇರ ಹೋಗುತ್ತಾನೆ. ಅದೇ ಸರಿಯಾದ ನಡತೆ. ಹಾದುಹೋಗುವುದು ನಿಮ್ಮ ಹೊಣೆ.

1990ರಲ್ಲಿ ಈ ನೇರದಾರಿಗೆ ಹಾಕಿದ ಎರಡು ಚಿಕೇನ್‌ಗಳನ್ನು ದಾಟಿ, ಮುಲ್ಸಾನ್ ತಿರುವು, ಇಂಡಿಯಾನಾಪೊಲಿಸ್, ಆರ್ನಾಜ್ ಮುಗಿಸಿ ಪೋರ್ಷೆ ಕರ್ವ್ಸ್ ತಲಪುತ್ತೀರಿ. ಇಲ್ಲಿ ಗೋಡೆ ಹತ್ತಿರ, ವೇಗ ಹೆಚ್ಚು. ಸಾವಿರಾರು ಸುತ್ತುಗಳಲ್ಲಿ ಕಾರುಗಳು ಬಿಟ್ಟುಹೋದ ರಬ್ಬರಿನಿಂದ ಸರಿಯಾದ ಗೆರೆ ಕಪ್ಪಾಗಿದೆ. ಅದರ ಮೇಲಿದ್ದರೆ ಹಿಡಿತ, ಒಂದು ಮೀಟರ್ ಹೊರಗೆ ಹೋದರೆ ಪುಡಿ ರಬ್ಬರಿನ ಮೇಲೆ ಜಾರಾಟ. ನಿಜವಾದ ಲೆ ಮಾನ್‌ನಲ್ಲಿ ಈ 13.626 ಕಿಲೋಮೀಟರನ್ನು 2025ರ ಅರ್ಹತಾ ಸುತ್ತಿನಲ್ಲಿ ಕ್ಯಾಡಿಲಾಕ್‌ನ ಅಲೆಕ್ಸ್ ಲಿನ್ 3 ನಿಮಿಷ 23 ಸೆಕೆಂಡಿನಲ್ಲಿ ಮುಗಿಸಿದರು. ನಿಮ್ಮದು ನಾಲ್ಕರ ಹತ್ತಿರ ಬಂದಿದ್ದರೂ ಬೇಸರ ಬೇಡ. ಅಂಗಿ ಬೆನ್ನಿಗೆ ಅಂಟಿದೆಯಲ್ಲ, ಅಷ್ಟು ಸಾಕು.

ಈ ಆಟದ ಹೆಸರು ಲೆ ಮಾನ್ ಅಲ್ಟಿಮೇಟ್. ಮಾಡಿದವರು ನೆದರ್‌ಲೆಂಡ್ಸ್‌ನ ಸ್ಟುಡಿಯೋ 397. ಪರೀಕ್ಷಾರ್ಥ ಮಾರಾಟ, ಅಂದರೆ ಅರ್ಲಿ ಆಕ್ಸೆಸ್, 2024ರ ಫೆಬ್ರವರಿ 20ರಂದು ಶುರುವಾಯಿತು. ಪೂರ್ಣರೂಪದ 1.0 ಆವೃತ್ತಿ 2025ರ ಜುಲೈ 22ರಂದು ಬಂತು. 2025ರ ಕೊನೆಗೆ ಆ ವರ್ಷದ ಅತ್ಯುತ್ತಮ ರೇಸಿಂಗ್ ಸಿಮ್ಯುಲೇಷನ್ ತಯಾರಕರು ಯಾರು ಎಂಬ ಪ್ರಶ್ನೆಗೆ ಉತ್ತರ ಹುಡುಕುವಾಗ ನಾನು ಮೊದಲು ನಿಮ್ಮನ್ನು ಇಲ್ಲಿ ಕೂರಿಸಿದ್ದಕ್ಕೆ ಕಾರಣವಿದೆ. ಆದರೆ ಒಂದೇ ಕಾರು ಓಡಿಸಿ ತೀರ್ಪು ಕೊಡುವುದು ನ್ಯಾಯವಲ್ಲ. ಸೀಟು ಬಿಡಬೇಡಿ, ಉಳಿದವರ ಕಾರುಗಳನ್ನೂ ಹತ್ತೋಣ.

2025ರ ಜನವರಿ 16ಕ್ಕೆ ಹೋಗೋಣ. ಇಟಲಿಯ ಕೂನೋಸ್ ಸಿಮುಲಾಜ಼ಿಯೋನಿ ತನ್ನ ಅಸೆಟ್ಟೊ ಕೊರ್ಸಾ ಇವೋ ಆಟದ ಅರ್ಲಿ ಆಕ್ಸೆಸ್ ತೆರೆದ ದಿನ. ಡೌನ್‌ಲೋಡ್ ಮುಗಿಯುವುದನ್ನೇ ಕಾಯುತ್ತ ನೀವು ಕೂತಿದ್ದೀರಿ. ಕಾಯುವುದಕ್ಕೆ ಅರ್ಥವಿದೆ. ರೋಮ್ ಹತ್ತಿರದ ವಲ್ಲೆಲುಂಗಾ ರೇಸ್‌ಟ್ರ್ಯಾಕಿನ ಆವರಣದಲ್ಲೇ ಕಚೇರಿ ಇಟ್ಟುಕೊಂಡು ಬೆಳೆದ ಸಂಸ್ಥೆ ಇದು. ಕಿಟಕಿಯಾಚೆ ನಿಜವಾದ ಕಾರಿನ ಸದ್ದು ಕೇಳುತ್ತಲೇ ಕೋಡ್ ಬರೆದವರು. 2014ರ ಡಿಸೆಂಬರಿನಲ್ಲಿ ಪೂರ್ಣಗೊಂಡ ಇವರ ಮೊದಲ ಅಸೆಟ್ಟೊ ಕೊರ್ಸಾವನ್ನು ಜನ ಇವತ್ತಿಗೂ ಆಡುತ್ತಾರೆ, ಅದಕ್ಕೆ ಹೊಸ ಹೊಸ ಕಾರು, ಟ್ರ್ಯಾಕುಗಳನ್ನು ತಾವೇ ಕಟ್ಟಿ ಸೇರಿಸುತ್ತಾರೆ.

ಬ್ರ್ಯಾಂಡ್ಸ್ ಹ್ಯಾಚ್ ಆರಿಸಿಕೊಳ್ಳಿ. ಸಾಧಾರಣ ರಸ್ತೆಕಾರು ಸಾಕು. ಮೊದಲ ತಿರುವು ಪ್ಯಾಡಕ್ ಹಿಲ್‌ನಲ್ಲಿ ನೆಲ ನಿಮ್ಮ ಕಾಲಡಿಯಿಂದ ಜಾರಿ ಕೆಳಗಿಳಿಯುತ್ತದೆ, ಹೊಟ್ಟೆ ಒಂದು ಕ್ಷಣ ಮೇಲೇ ಉಳಿಯುತ್ತದೆ. ಕಾರಿನ ದೇಹ ಹೊರಕ್ಕೆ ವಾಲುತ್ತದೆ, ಸ್ಪ್ರಿಂಗ್ ಕುಗ್ಗುತ್ತದೆ, ಆಮೇಲೆ ನಿಧಾನವಾಗಿ ಟೈರಿನ ಮೇಲೆ ಭಾರ ಬಂದು ಕೂರುತ್ತದೆ. ಈ ಮೂರೂ ಒಂದಾದ ಮೇಲೊಂದು ಆಗುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವವರು ಬೇರೆ ಇಲ್ಲ. ರಸ್ತೆಕಾರಿನ ನಡಿಗೆ ಕೂನೋಸ್‌ನವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ.

ಆದರೆ ಆ ಸುತ್ತು ಮುಗಿಸಿ ಮೆನುವಿಗೆ ಬಂದರೆ ಮಾಡಲು ಹೆಚ್ಚೇನಿಲ್ಲ. ಮೊದಲ ದಿನ ಸಿಕ್ಕಿದ್ದು ಐದು ಟ್ರ್ಯಾಕ್, ಇಪ್ಪತ್ತು ಕಾರು. ಬೇರೆಯವರ ಜೊತೆ ಆನ್‌ಲೈನ್ ಓಟ ಇನ್ನೂ ಇರಲಿಲ್ಲ. ಗೃಹಪ್ರವೇಶಕ್ಕೆ ಕರೆದು, ಹೊಸ್ತಿಲು ಮಾತ್ರ ಚೆಂದಕ್ಕೆ ಕೂರಿಸಿದ ಮನೆ ತೋರಿಸಿದ ಹಾಗೆ. ವರ್ಷ ಪೂರ್ತಿ ಅಪ್‌ಡೇಟುಗಳು ಬಂದವು, ಕೋಣೆಗಳು ಒಂದೊಂದಾಗಿ ಎದ್ದವು. ಆದರೂ ಡಿಸೆಂಬರ್ ಮುಗಿಯುವಾಗ ಆಟ 1.0 ಮುಟ್ಟಿರಲಿಲ್ಲ. ಕೂನೋಸ್‌ನವರ ವರ್ಷ ಮುಂದೆ ಬರುತ್ತದೆ ಎಂದು ನಾನು ನಂಬಿದ್ದೇನೆ. ಅದು 2025 ಅಲ್ಲ.

ಅಮೆರಿಕದ ಮ್ಯಾಸಚೂಸೆಟ್ಸ್‌ನ ಐರೇಸಿಂಗ್‌ಗೆ ಬನ್ನಿ. ಇಲ್ಲಿ ಅಧಿಕೃತ ರೇಸನ್ನು ನೀವು ಬೇಕಾದಾಗ ಶುರುಮಾಡುವಂತಿಲ್ಲ, ರೇಸಿನ ವೇಳೆಗೆ ನೀವು ಹೋಗಬೇಕು. ಗಡಿಯಾರ ಮುಟ್ಟಿದೊಡನೆ ಗ್ರಿಡ್ ಹೊರಡುತ್ತದೆ. ಹೊಸಬರಿಗೆ ರೂಕಿ ಲೈಸೆನ್ಸ್. ಇನ್ನೊಬ್ಬರಿಗೆ ಗುದ್ದಿದರೆ, ಟ್ರ್ಯಾಕ್ ಬಿಟ್ಟು ಹೊರಗೆ ಹೋದರೆ ಅಂಕ ಕಳೆಯುತ್ತಾರೆ. ಅಂಕ ಇಲ್ಲದಿದ್ದರೆ ವೇಗದ ಕಾರು ಸಿಗದು. ಹಾಗಾಗಿ ಮೊದಲ ತಿರುವಿಗೆ ಇಪ್ಪತ್ತು ಕಾರು ಒಟ್ಟಿಗೆ ಇಳಿಯುವಾಗ ನಿಮ್ಮ ಎದೆ ಹೊಡೆದುಕೊಳ್ಳುವುದು ಸೋಲಿನ ಭಯಕ್ಕಲ್ಲ, ಪಕ್ಕದವನಿಗೆ ತಾಗೀತು ಎಂಬ ಭಯಕ್ಕೆ. ಇಂಥ ಶಿಸ್ತನ್ನು ಆನ್‌ಲೈನ್ ರೇಸಿಂಗಿಗೆ ಕಲಿಸಿದ್ದೇ ಐರೇಸಿಂಗ್.

ಇದರ ಹಿಂದಿರುವ ಡೇವಿಡ್ ಕೇಮರ್ ಈ ಕಲೆಯ ಹಿರಿಯ. 1989ರಲ್ಲೇ ತಮ್ಮ ಪಪೈರಸ್ ಸಂಸ್ಥೆಯಿಂದ ಇಂಡಿಯಾನಾಪೊಲಿಸ್ 500 ಸಿಮ್ಯುಲೇಷನ್ ತಂದವರು, 1998ರಲ್ಲಿ ಗ್ರಾಂಡ್ ಪ್ರಿ ಲೆಜೆಂಡ್ಸ್ ಕೊಟ್ಟವರು. ಉದ್ಯಮಿ ಜಾನ್ ಹೆನ್ರಿ ಜೊತೆ ಸೇರಿ ಕಟ್ಟಿದ ಐರೇಸಿಂಗ್ 2008ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಟ್ರ್ಯಾಕುಗಳನ್ನು ಲೇಸರಿನಿಂದ ಅಳೆದು ಡಾಂಬರಿನ ಪ್ರತಿ ಉಬ್ಬುತಗ್ಗನ್ನೂ ಕಂಪ್ಯೂಟರಿಗೆ ಇಳಿಸುವುದು ಇವರಿಂದಲೇ ರೂಢಿಗೆ ಬಂತು. ಕಾರಿನ ಚಲನೆಯನ್ನು ಸೆಕೆಂಡಿಗೆ 360 ಬಾರಿ ಲೆಕ್ಕ ಹಾಕುತ್ತಾರೆ. 2020ರ ಮಾರ್ಚಿನಲ್ಲಿ ಕೋವಿಡ್‌ನಿಂದ ಅಮೆರಿಕದ ಟ್ರ್ಯಾಕುಗಳು ಮುಚ್ಚಿದಾಗ ನಾಸ್ಕಾರ್‌ನ ಚಾಲಕರು ತಮ್ಮ ಮನೆಗಳಿಂದಲೇ ಐರೇಸಿಂಗಿನಲ್ಲಿ ಓಡಿದರು, ಟಿವಿಯಲ್ಲಿ ಅದು ನೇರ ಪ್ರಸಾರವಾಯಿತು. 2024ರ ಮಾರ್ಚಿನಲ್ಲಿ ಕೊನೆಗೂ ಮಳೆ ಬಂತು. ನೀರು ತಗ್ಗಿಗೆ ಹರಿದು ನಿಲ್ಲುವ, ಕಾರುಗಳು ಓಡಾಡಿದ ಗೆರೆಯಲ್ಲಿ ಮೊದಲು ಒಣಗುವ ಮಳೆ. ಅದು ಬಂದ ವರ್ಷ ಪ್ರಶಸ್ತಿ ಯಾರಿಗೆ ಎಂದು ಕೇಳಿದ್ದರೆ ನಾನು ಯೋಚಿಸುತ್ತಲೇ ಇರಲಿಲ್ಲ. 2025ರಲ್ಲಿ ಐರೇಸಿಂಗಿನ ದೊಡ್ಡ ಕೆಲಸ ಅಕ್ಟೋಬರ್ 14ರಂದು ಬಂದ ನಾಸ್ಕಾರ್ 25, ಗೇಮ್ ಕನ್ಸೋಲ್ ಇರುವ ಮನೆಗಳಿಗೆಂದು ಮಾಡಿದ್ದು. ಹೊಸ ಜನರನ್ನು ಕರೆತರಲು ಅದು ಬೇಕು. ಆದರೆ ನೀವು ಈಗ ಕೂತಿರುವ ಸೀಟಿನಲ್ಲಿ, ನಿಮ್ಮ ಅಂಗೈಯಲ್ಲಿ, ಹಿಂದಿನ ವರ್ಷಕ್ಕಿಂತ ಬೇರೆಯೇ ಆದದ್ದು ಎಂಬುದು ಕಡಿಮೆ.

ಬ್ರೆಜಿಲ್‌ನ ರೈಜ಼ಾ ಸ್ಟುಡಿಯೋಸ್‌ಗೆ ಹೋಗದೆ ಬರುವಂತಿಲ್ಲ. 2020ರಲ್ಲಿ ಬಂದ ಆಟೊಮೊಬಿಲಿಸ್ತಾ 2 ಇನ್ನೂ ಬೆಳೆಯುತ್ತಲೇ ಇದೆ. ಇಂಟರ್‌ಲಾಗೋಸ್‌ನಲ್ಲಿ ಹಳೆಯ ಕಾಲದ ಫಾರ್ಮುಲಾ ಕಾರನ್ನು ಸೆನ್ನಾ ಎಸ್ ತಿರುವಿಗೆ ಇಳಿಸಿ. ಎಡಗೈ ಸ್ಟೀರಿಂಗಿನ ಮೇಲೆ, ಬಲಗೈ ಗೇರ್ ಕೋಲಿನ ಮೇಲೆ, ಟರ್ಬೊ ತಡವಾಗಿ ಎದ್ದು ಬೆನ್ನಿಗೆ ಒದೆಯುತ್ತದೆ. ಮೋಟಾರು ರೇಸಿಂಗಿನ ಚರಿತ್ರೆಯನ್ನು ಕಾಲುಗಳಿಂದ ಓದಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯದು ಸಿಗದು. ಬೇರೆಯವರು ಮಾಡಿದ ಗೇಮ್ ಎಂಜಿನ್ ಪಡೆದು ಸಣ್ಣ ತಂಡವೊಂದು ಇಷ್ಟು ದೂರ ತಂದಿದೆ. ನನ್ನ ಎರಡನೆಯ ಮತ ಇವರಿಗೆ.

2025ರ ನವೆಂಬರ್ ತಿಂಗಳಲ್ಲಿ ಎರಡು ರಾತ್ರಿ. ಮೊದಲನೆಯದು 13ನೇ ತಾರೀಕು. ಫ್ರಾನ್ಸಿನ ಅಲ್ಸಾಸ್ ಪ್ರದೇಶದ ಕಿರಿದಾದ ರಸ್ತೆ, ಪಕ್ಕದಲ್ಲಿ ಕೂತ ಕೋ-ಡ್ರೈವರ್ ಮುಂದಿನ ತಿರುವನ್ನು ಓದಿ ಹೇಳುತ್ತಿದ್ದಾನೆ, ನೀವು ಕಾಣದ ತಿರುವಿಗೆ ಅವನ ಮಾತು ನಂಬಿ ಕಾರು ನುಗ್ಗಿಸುತ್ತಿದ್ದೀರಿ. ಇದು ಅಸೆಟ್ಟೊ ಕೊರ್ಸಾ ರ‍್ಯಾಲಿ, ಸೂಪರ್‌ನೋವಾ ಗೇಮ್ಸ್ ಸ್ಟುಡಿಯೋಸ್ ಕೂನೋಸ್ ಜೊತೆ ಸೇರಿ ಮಾಡಿದ್ದು. ಅದೇ ವರ್ಷದ ಬೇಸಿಗೆಯಲ್ಲಿ ಇಎ ಸಂಸ್ಥೆ ತನ್ನ ಕೋಡ್‌ಮಾಸ್ಟರ್ಸ್ ತಂಡದ ರ‍್ಯಾಲಿ ಆಟಗಳ ಕೆಲಸ ನಿಲ್ಲಿಸಿದಾಗ ಈ ಪ್ರಕಾರವೇ ಅನಾಥವಾಯಿತೆಂದು ಜನ ಕೊರಗಿದ್ದರು. ಆ ಕೊರಗನ್ನು ಈ ಆಟದ ಮೊದಲ ಕಿಲೋಮೀಟರೇ ನೀಗಿಸುತ್ತದೆ. ಇದೂ ಬಂದದ್ದು ಅರ್ಲಿ ಆಕ್ಸೆಸ್ ಆಗಿಯೇ. ಬೆಳೆಯಲಿ.

ಎರಡನೆಯದು 25ನೇ ತಾರೀಕು. ಸ್ಟ್ರೈಟ್4 ಸ್ಟುಡಿಯೋಸ್‌ನ ಪ್ರಾಜೆಕ್ಟ್ ಮೋಟರ್ ರೇಸಿಂಗ್ ಬಿಡುಗಡೆ. ಇದು ಅರ್ಲಿ ಆಕ್ಸೆಸ್ ಅಲ್ಲ, ಪೂರ್ಣ ಆಟವೆಂದೇ ಮಾರಿದ್ದು. ಕೊಂಡವರ ವಿಮರ್ಶೆಗಳು ಮೊದಲ ದಿನದಿಂದಲೇ ಕಟುವಾಗಿದ್ದವು. ಒಳ್ಳೆಯ ಕಾರುಗಳ ಪಟ್ಟಿ, ದೊಡ್ಡ ಮಾತು, ಸುಂದರ ಟ್ರೇಲರ್ ಎಲ್ಲವೂ ಇದ್ದವು. ಅವು ಯಾವುವೂ ಸ್ಟೀರಿಂಗ್ ಹಿಡಿದ ಕೈಗೆ ಲೆಕ್ಕವಿಲ್ಲ.

ಇನ್ನೊಂದು ರಾತ್ರಿ ನಿಮಗೆ ತೋರಿಸಬೇಕು. ಅದಿಲ್ಲದೆ ನನ್ನ ತೀರ್ಪು ಅರ್ಥವಾಗದು.

2023ರ ಜನವರಿ 14, 15. ಲೆ ಮಾನ್ 24 ಗಂಟೆಯ ವರ್ಚುವಲ್ ರೇಸ್. ನೀವು ನೋಡುಗರ ಸಾಲಿನಲ್ಲಿದ್ದೀರಿ, ಕಣ್ಣೆದುರು ನೇರ ಪ್ರಸಾರ. ಫಾರ್ಮುಲಾ ಒನ್ ಚಾಂಪಿಯನ್ ಮ್ಯಾಕ್ಸ್ ವರ್ಸ್ಟ್ಯಾಪನ್ ಟೀಮ್ ರೆಡ್‌ಲೈನ್ ಪರವಾಗಿ ಓಡುತ್ತಿದ್ದಾರೆ. ಆಟ ಆರ್‌ಫ್ಯಾಕ್ಟರ್ 2. ಅದನ್ನು ನೋಡಿಕೊಳ್ಳುತ್ತಿದ್ದವರು ಇದೇ ಸ್ಟುಡಿಯೋ 397. ಸರ್ವರ್ ತೊಂದರೆಯಿಂದ ರೇಸನ್ನು ನಡುವೆ ನಿಲ್ಲಿಸಬೇಕಾಗುತ್ತದೆ. ಮತ್ತೆ ಶುರುವಾಗುತ್ತದೆ. ಮುಂಚೂಣಿಯಲ್ಲಿದ್ದ ವರ್ಸ್ಟ್ಯಾಪನ್ ಕಾರಿನ ಸಂಪರ್ಕ ಕಡಿದುಹೋಗುತ್ತದೆ. ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ತಂಡದ ರೇಸ್ ತನ್ನ ತಪ್ಪಿಲ್ಲದೆ ಮುಗಿದುಹೋಗುತ್ತದೆ. ಆಟವನ್ನೇ ಕಂಪ್ಯೂಟರಿನಿಂದ ತೆಗೆದುಹಾಕುತ್ತೇನೆಂದು ಅವರು ನೇರ ಪ್ರಸಾರದಲ್ಲೇ ಸಿಟ್ಟಿನಿಂದ ಹೇಳುತ್ತಾರೆ. ಜಗತ್ತಿನ ಕ್ರೀಡಾ ಪತ್ರಿಕೆಗಳೆಲ್ಲ ಮರುದಿನ ಅದನ್ನೇ ಬರೆಯುತ್ತವೆ.

ಮುಂದಿನ ತಿಂಗಳುಗಳು ಇನ್ನೂ ಕಷ್ಟದವು. ಸ್ಟುಡಿಯೋ 397 ಅನ್ನು 2021ರಲ್ಲಿ ಕೊಂಡಿದ್ದ ಅಮೆರಿಕದ ಮೋಟರ್‌ಸ್ಪೋರ್ಟ್ ಗೇಮ್ಸ್ ಸಂಸ್ಥೆ ಹಣದ ಮುಗ್ಗಟ್ಟಿನಲ್ಲಿ ಸಿಕ್ಕಿತು. 2023ರಲ್ಲಿ ನಾಸ್ಕಾರ್ ಹಕ್ಕನ್ನು ಐರೇಸಿಂಗಿಗೆ ಮಾರಿತು, ಇಂಡಿಕಾರ್ ಹಕ್ಕು ಕೈತಪ್ಪಿತು, ದೊಡ್ಡ ಸಂಖ್ಯೆಯಲ್ಲಿ ಉದ್ಯೋಗಿಗಳನ್ನು ತೆಗೆಯಿತು. ಲೆ ಮಾನ್ ಅಲ್ಟಿಮೇಟ್ ಬರುವುದೇ ಅನುಮಾನ, ಬಂದರೂ ಮುಗಿಯುವುದು ಅನುಮಾನ ಎಂದುಕೊಂಡವರೇ ಹೆಚ್ಚು.

ಅಂಥ ಹೊತ್ತಿನಲ್ಲಿ ಆ ತಂಡದ ಬಳಿ ಉಳಿದದ್ದು ಒಂದೇ ಆಸ್ತಿ, ಟೈರಿನ ಲೆಕ್ಕ. ಅದು ಒಂದು ದಿನದಲ್ಲಿ ಬಂದದ್ದಲ್ಲ. ಅಮೆರಿಕದ ಮಿಶಿಗನ್‌ನ ಇಮೇಜ್ ಸ್ಪೇಸ್ ಇನ್‌ಕಾರ್ಪೊರೇಟೆಡ್ 2005ರಲ್ಲಿ ತಂದ ಆರ್‌ಫ್ಯಾಕ್ಟರ್‌ನಿಂದ ಹರಿದುಬಂದ ವಿದ್ಯೆ. ಅದೇ ವಂಶದ ಆರ್‌ಫ್ಯಾಕ್ಟರ್ ಪ್ರೊ ನಿಜವಾದ ರೇಸಿಂಗ್ ತಂಡಗಳ ಸಿಮ್ಯುಲೇಟರುಗಳಲ್ಲಿ ಬಳಕೆಯಾಗುತ್ತದೆ. 2016ರಲ್ಲಿ ಸ್ಟುಡಿಯೋ 397 ಆರ್‌ಫ್ಯಾಕ್ಟರ್ 2ರ ಜವಾಬ್ದಾರಿ ಹೊತ್ತಾಗ ಟೈರು ಆಗಲೇ ಚೆನ್ನಾಗಿತ್ತು. ಟೈರಿನ ಒಳಪದರದ ಬಾಗುವಿಕೆ, ಗಾಳಿಯ ಒತ್ತಡ, ಮೇಲ್ಮೈ ಬಿಸಿ, ಒಳಗಿನ ಬಿಸಿ ಎಲ್ಲವನ್ನೂ ಅದು ಲೆಕ್ಕ ಹಿಡಿಯುತ್ತಿತ್ತು. ಕೆಟ್ಟಿದ್ದು ಅದರ ಸುತ್ತಲಿನ ಮನೆಯೇ: ಗೊಂದಲದ ಮೆನು, ನಂಬಲಾಗದ ಸರ್ವರ್, ಖಾಲಿ ಬಿದ್ದ ಆನ್‌ಲೈನ್. ಲೆ ಮಾನ್ ಅಲ್ಟಿಮೇಟ್‌ನಲ್ಲಿ ಅವರು ಟೈರನ್ನು ಉಳಿಸಿಕೊಂಡು ಮನೆಯನ್ನು ಹೊಸದಾಗಿ ಕಟ್ಟಿದರು.

ಈಗ ಆನ್‌ಲೈನ್ ರೇಸಿಗೆ ಸೇರಿಕೊಳ್ಳಿ. ರೇಸ್‌ಕಂಟ್ರೋಲ್ ಎಂಬ ಅವರ ವೇದಿಕೆಯಲ್ಲಿ ದಿನವೂ ನಿಗದಿತ ಹೊತ್ತಿಗೆ ರೇಸುಗಳು ನಡೆಯುತ್ತವೆ, ನಡತೆಗೂ ವೇಗಕ್ಕೂ ಬೇರೆ ಬೇರೆ ದರ್ಜೆ. ಭಾರತದಿಂದ ಯುರೋಪಿನ ಸರ್ವರಿಗೆ ಸೇರಿದರೆ ಮಾಹಿತಿ ಹೋಗಿ ಬರಲು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಬೇಕು. ಮುನ್ನೂರರ ವೇಗದಲ್ಲಿ ಅಷ್ಟರೊಳಗೆ ಕಾರು ಎಂಟು ಮೀಟರಿಗಿಂತ ಮುಂದೆ ಹೋಗಿರುತ್ತದೆ. ನಿಮ್ಮ ಕನ್ನಡಿಯಲ್ಲಿ ಕಾಣುವ ಕಾರು ನಿಜವಾಗಿ ಎಲ್ಲಿದೆ ಎಂಬುದನ್ನು ಆಟ ಊಹಿಸಿ ತೋರಿಸಬೇಕು. ಬೆಂಗಳೂರು, ಮಂಗಳೂರಿನಲ್ಲಿ ಕೂತು ಆಡುವವರಿಗೆ ಈ ಊಹೆ ಸರಿಯಾಗಿರುವುದೇ ಜೀವಾಳ. ಪೋರ್ಷೆ ಕರ್ವ್ಸ್‌ನಲ್ಲಿ ಎಡಕ್ಕೆ ಒಂದು ಜಿಟಿ3, ಬಲಕ್ಕೆ ಗೋಡೆ, ನಡುವೆ ನೀವು. ಉಸಿರು ಬಿಗಿಹಿಡಿದು ಹಾದುಹೋಗುತ್ತೀರಿ. ತಾಗಲಿಲ್ಲ.

ಕೊರತೆ ಇಲ್ಲವೆಂದಲ್ಲ. ಹೊಸ ಟ್ರ್ಯಾಕು, ಹೊಸ ಕಾರುಗಳನ್ನು ಕಂತಿನಲ್ಲಿ ಬೇರೆಯಾಗಿ ಮಾರುತ್ತಾರೆ, ಎಲ್ಲವನ್ನೂ ಕೊಂಡರೆ ನಮ್ಮ ವಿದ್ಯಾರ್ಥಿಗಳ ಜೇಬಿಗೆ ಭಾರ. ಎಂಡ್ಯೂರೆನ್ಸ್ ರೇಸಿಂಗ್ ಬಿಟ್ಟು ಬೇರೆ ಜಗತ್ತು ಇದರಲ್ಲಿ ಇಲ್ಲ. ನಿಮಗೆ ರಸ್ತೆಕಾರು ಬೇಕೆಂದರೆ ಇದು ನಿಮ್ಮ ಆಟವಲ್ಲ. ಇದನ್ನೆಲ್ಲ ತೂಗಿಯೂ ನನ್ನ ಮಾತು ಬದಲಾಗುವುದಿಲ್ಲ. ವರ್ಷದ ತಯಾರಕರನ್ನು ಆರಿಸುವುದೆಂದರೆ ಹೆಚ್ಚು ಕಾರು ಯಾರ ಬಳಿ ಇದೆ, ಭರವಸೆ ಯಾರದು ದೊಡ್ಡದು ಎಂದು ನೋಡುವುದಲ್ಲ. ಆ ಹನ್ನೆರಡು ತಿಂಗಳಲ್ಲಿ ಯಾರು ಎಲ್ಲಿಂದ ಎಲ್ಲಿಗೆ ಬಂದರು, ಹಣ ಪಡೆದಾಗ ಹೇಳಿದ್ದನ್ನು ಮಾಡಿ ಕೊಟ್ಟರೇ, ಅದು ಚಾಲಕನ ಕೈಗೆ ಮುಟ್ಟಿತೇ ಎಂದು ನೋಡುವುದು. ಅರ್ಧ ಮುಗಿದ ಆಟ ಮಾರುವುದೇ ರೂಢಿಯಾಗಿರುವ ಕಾಲದಲ್ಲಿ, ಮುಗಿಸಿ ಕೊಟ್ಟವರನ್ನು ಗುರುತಿಸದಿದ್ದರೆ ಮುಗಿಸುವ ಶ್ರಮ ಯಾರು ಪಡುತ್ತಾರೆ?

2025ರ ಅತ್ಯುತ್ತಮ ರೇಸಿಂಗ್ ಸಿಮ್ಯುಲೇಷನ್ ತಯಾರಕರು ನನ್ನ ಮಟ್ಟಿಗೆ ಸ್ಟುಡಿಯೋ 397. ನೀವು ಒಪ್ಪಲೇಬೇಕೆಂದಿಲ್ಲ. ಆದರೆ ಟ್ರೇಲರ್ ನೋಡಿ ಮತ ಹಾಕಬೇಡಿ. ಗೆಳೆಯರ ಮನೆಯಲ್ಲೋ, ಊರಿನ ಸಿಮ್ ರೇಸಿಂಗ್ ಕೇಂದ್ರದಲ್ಲೋ ಒಂದೊಂದು ಆಟಕ್ಕೂ ಒಂದು ಸಂಜೆ ಕೊಡಿ, ತಣ್ಣನೆಯ ಟೈರಿನಲ್ಲಿ ಪಿಟ್‌ನಿಂದ ಹೊರಡಿ, ಅದು ಬಿಸಿಯಾಗುವವರೆಗೆ ಓಡಿಸಿ. ಆಮೇಲೆ ನಿಮ್ಮ ಆಯ್ಕೆಯನ್ನು ಹೇಳಿ.